ಒಡಕು ದನಿಯ ಬೊಬ್ಬೆ

ನರಿಮೊಗರಿನ ಕಬಡ್ಡಿಯಲ್ಲಿ ನಮ್ಮ ತಂಡದ ರೈಡರ್ ಮೂರು ಸಲ ಬರಿಗೈಯಲ್ಲಿ ಮರಳಿದ. ಕಡಬದಿಂದ ನಮ್ಮೂರಿಗೆ ಜೀಪು ಓಡಿಸುವ ನನ್ನ ಗೆಳೆಯ ಅವನು. ಎದುರು ತಂಡದಲ್ಲಿ ಅವನ ಹೆಂಡತಿಯ ಅಣ್ಣ ಆಡುತ್ತಿದ್ದ. ಬೇಕೆಂದೇ ಬಿಟ್ಟುಕೊಡುತ್ತಿದ್ದಾನೆ ಎಂದು ನನಗೆ ಸಂಶಯ ಹುಟ್ಟಲು ಅಷ್ಟು ಸಾಕಾಯಿತು. ನಾನೇನೂ ಅಂಕಣಕ್ಕೆ ಇಳಿದವನಲ್ಲ. ಇಳಿದರೆ ಉಸಿರಿಗಿಂತ ಮೊದಲು ಪಂಚೆ ಬಿಡುತ್ತದೆ. ಆದರೂ ಜನರ ಹಿಂದೆ ಅಡಗಿ, ನಮ್ಮೂರಲ್ಲಿ ಹೋಟೆಲು ನಡೆಸುವ ಅಣ್ಣನ ಒಡಕು ದನಿಯನ್ನು ಅಣಕಿಸಿ ಕೂಗಿದೆ: "ಭಾವನಿಗೆ ಬಡಿಸಿದ್ದು ಸಾಕು ಮಾರಾಯಾ, ಇದು ಕಬಡ್ಡಿ, ಮದುವೆ ಊಟ ಅಲ್ಲ!"

ನಮ್ಮವರೇ ಹೋ ಎಂದು ಬೊಬ್ಬೆ ಹಾಕಿ ಅವನನ್ನು ಗೇಲಿ ಮಾಡಿದರು. ಪಂದ್ಯ ಸೋತೆವು.

ಮರುದಿನ ನಾನು ಗೆಳೆಯನ ಜೀಪಿನಲ್ಲಿದ್ದೆ. ಹೋಟೆಲಿನ ಅಣ್ಣ ಹಾಲಿನ ಕ್ಯಾನು ಹಿಡಿದು ರಸ್ತೆ ಬದಿಯಲ್ಲಿ ಕೈ ತೋರಿಸಿದರೂ ಅವನು ನಿಲ್ಲಿಸಲಿಲ್ಲ.

"ಸೀಟು ಉಂಟಲ್ಲ?" ಎಂದೆ.

"ಆ ಬಾಯಿಗೆ ಇಲ್ಲ."

ಹಿಂದೆ ತಿರುಗಿ ನೋಡಿದೆ. ಅಣ್ಣ ಕೈ ಇಳಿಸದೆ ಹಾಗೇ ನಿಂತಿದ್ದರು. ಅದೇ ಒಡಕು ದನಿಯಲ್ಲಿ, "ಭಾವನಿಗೆ ಬಡಿಸಿದ್ದು ಸಾಕು ಮಾರಾಯಾ" ಎಂದೆ. ಬ್ರೇಕ್ ಬಿತ್ತು.

ಅವನು ಬೈಯಲಿಲ್ಲ. ಪ್ಯಾಂಟು ಮೇಲೆತ್ತಿ ಮೊಣಕಾಲು ತೋರಿಸಿದ. ತೆಂಗಿನಕಾಯಿಯಷ್ಟು ಬಾತಿತ್ತು.

"ಮೊದಲ ರೈಡಿನಲ್ಲೇ ತಿರುಚಿದ್ದು. ಸೋತದ್ದು ಹೋಗ್ಲಿ. ಎಂತ ಆಯ್ತು ಅಂತ ಒಬ್ರಾದ್ರೂ ಕೇಳಿದ್ರಾ?"

ಅವನು ಜೀಪನ್ನು ಹಿಂದಕ್ಕೆ ಬಿಟ್ಟು ಅಣ್ಣನನ್ನು ಹತ್ತಿಸಿಕೊಂಡ. ಹಾಲಿನ ಕ್ಯಾನು ನನ್ನ ತೊಡೆಯ ಮೇಲೆ ಬಂತು.

ಈಗಲೂ ಜೀಪಿನ ಹಿಂದೆ ಯಾರು ಕೆಮ್ಮಿದರೂ ಅವನು ಕನ್ನಡಿಯಲ್ಲಿ ಮೊದಲು ನೋಡುವುದು ನನ್ನನ್ನೇ.