ಅಜ್ಜಿಯ ತುಳಸಿಗೆ ಮರದಪುಡಿಯ ಕುಂಡ

ಗೋಪಾಳದ ನಮ್ಮ ಮನೆಗೆ ಬಾಗಿಲು ಕೂರಿಸಲು ಬಂದ ಬಡಗಿ ಮರ ಕುಯ್ದಾಗ, ಆ ಪುಡಿಯ ವಾಸನೆಗೆ ಚಿಕ್ಕಂದಿನಲ್ಲಿ ನಾವಿದ್ದ ಜನ್ನಾಪುರದ ಬಾಡಿಗೆಮನೆ ಕಣ್ಮುಂದೆ ಬಂತು.

ಅಲ್ಲಿ ಪಕ್ಕದ ಮನೆಯ ಬಡಗಿ ಮಾಮ ಕೊಟ್ಟ ಮರದಪುಡಿಗೆ ಬಿಸಿ ಮರವಜ್ರ ಕಲಸಿ, ತಗಡಿನ ಡಬ್ಬಿಯ ಸುತ್ತ ಮೆತ್ತಿ, ಒಣಗಿಸಿ ಕುಂಡ ಮಾಡಿದ್ದೆ. ಮಡಿಯಲ್ಲಿದ್ದಾಗ ನಮ್ಮನ್ನು ಹತ್ತಿರವೂ ಬಿಟ್ಟುಕೊಳ್ಳದ ಅಜ್ಜಿ ಅದರಲ್ಲೇ ತುಳಸಿ ನೆಟ್ಟರು. ಮರವಜ್ರ ಎಂದರೆ ಚರ್ಮ, ಮೂಳೆ ಕುದಿಸಿ ಮಾಡಿದ ಅಂಟೆಂದು ನನಗೆ ಆಮೇಲೆ ತಿಳಿಯಿತು. ಅಳುತ್ತಾ ಅಜ್ಜಿಗೆ ಹೇಳಿದೆ.

“ವಾಸನೆಗೇ ಗೊತ್ತಾಯ್ತು ಕಣೇ. ನೀನು ಮಾಡಿದ್ದಲ್ವಾ, ಇರ್ಲಿ ಬಿಡು,” ಅಂದರು.

ಕುಂಡ ನೆನೆದು ಕರಗೀತೆಂದು ಅವರು ಚೆಂಬು ಬಿಟ್ಟು, ಪೂಜೆಯ ಉದ್ಧರಣೆಯಿಂದ ಒಂದೊಂದೇ ಚಮಚ ನೀರು ಹಾಕುತ್ತಿದ್ದರು.

“ಈ ಪುಡಿ ಎಸೀಲಾ ಅಮ್ಮಾ?” ಎಂದು ಬಾಗಿಲು ಕೂರಿಸಿ ಮುಗಿಸಿದ ಬಡಗಿ ಕೇಳಿದ.

“ಇರ್ಲಿ ಬಿಡಪ್ಪ,” ಅಂದೆ.