ಮಣೆಯ ಮೇಲೆ ಉಳಿದ ಕೈಗವಸು

ಕಾರಿನಲ್ಲಿ ನಾವು ನಾಲ್ವರಿದ್ದೆವು. ಸ್ಟಿಯರಿಂಗ್ ಹಿಡಿದವರು ಭಾವ. ಹಡರ್ಸ್‌ಫೀಲ್ಡಿನಲ್ಲಿ ಇಪ್ಪತ್ತು ವರ್ಷದಿಂದ ಜಿಪಿ, ಅಂದರೆ ಬಡಾವಣೆಯ ಡಾಕ್ಟರು. ಅವರ ಪಕ್ಕದಲ್ಲಿ, ಬಲ ಮೊಣಕಾಲು ಸರಿಯಾಗಿ ಮಡಿಸಲಾಗದೆ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿಕೊಂಡು ಕೂತವನು ತಾಪಿಯೊ, ಪಕ್ಕದ ಮನೆಯವನು, ಫಿನ್‌ಲೆಂಡಿನವನು. ಹಿಂದೆ ಶಾರದಕ್ಕ, ಅವಳ ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ, ಮಿಕ್ಕ ಜಾಗದಲ್ಲಿ ನಾನು. ದಾವಣಗೆರೆಯಿಂದ ಅಕ್ಕನ ಮನೆಗೆ ಬಂದು ನನಗೆ ಹದಿನೈದು ದಿನವಾಗಿತ್ತು. 2013ರ ಅಕ್ಟೋಬರ್, ಮಹಾನವಮಿಯ ಭಾನುವಾರ, ಬೆಳಿಗ್ಗೆ ಏಳೂವರೆ. ಬಾನೆಟ್ಟಿನ ಮೇಲೆ ಕುಂಕುಮದ ಬೊಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು. ಭಾವ ಕಾರು ಬಿಟ್ಟರು, ನಿಂಬೆಹಣ್ಣು ಪಚಕ್ಕೆಂದಿತು, ಪ್ರಯಾಣ ಶುರುವಾಯಿತು.

ನಾವು ಹೊರಟದ್ದು ಬರ್ಮಿಂಗ್‌ಹ್ಯಾಮಿನ ಪಕ್ಕದ ಟಿವಿಡೇಲಿಗೆ, ಬಾಲಾಜಿ ದರ್ಶನಕ್ಕೆ. ತಾಪಿಯೊ ಹೊರಟದ್ದು ಬರ್ಮಿಂಗ್‌ಹ್ಯಾಮಿನ ಒಂದು ಫುಟ್‌ಬಾಲ್ ಕ್ಲಬ್ಬಿಗೆ. ಅಲ್ಲಿ ಗೋಲ್‌ಕೀಪರುಗಳಿಗೆ ಕಲಿಸುವ ಕೋಚ್ ಬೇಕಾಗಿತ್ತು. ಹತ್ತೂವರೆಗೆ ಮೈದಾನಕ್ಕೆ ಬಂದು ಒಂದು ಗಂಟೆ ಪಾಠ ಮಾಡಿ ತೋರಿಸಬೇಕೆಂದು ಕರೆ ಬಂದಿತ್ತು. ಆ ಭಾನುವಾರ ಹಳಿ ರಿಪೇರಿಯೆಂದು ರೈಲಿಲ್ಲ, ಬದಲಿ ಬಸ್ಸು ಹಿಡಿದರೆ ಸಮಯಕ್ಕೆ ಮುಟ್ಟುವುದಿಲ್ಲ. 'ನಮ್ಮ ಜೊತೆಗೇ ಬಾ' ಎಂದಿದ್ದಳು ಅಕ್ಕ. ನನ್ನ ಬಾಯಲ್ಲಿ ಕೇಳಿ ಅವನೂ ಅವಳನ್ನು 'ಅಕ್ಕ' ಎಂದೇ ಕರೆಯುತ್ತಿದ್ದ. ಮಾತೆಲ್ಲ ಇಂಗ್ಲಿಷಿನಲ್ಲಿ, ಅದೊಂದು ಪದ ಮಾತ್ರ ಕನ್ನಡದಲ್ಲಿ.

ಹೆದ್ದಾರಿ ಬೆಟ್ಟ ಹತ್ತಿತು. ಮಂಜು ಮುಸುಕಿದ ಬೋಳುಗುಡ್ಡ, ಒಂದೆಡೆ ಹೋಗುವ ದಾರಿಗೂ ಬರುವ ದಾರಿಗೂ ನಡುವೆ ಸಿಕ್ಕಿಕೊಂಡ ಒಂದೇ ಒಂದು ಮನೆ, ಅದರ ಸುತ್ತ ಲಾರಿಗಳ ಸದ್ದಿಗೆ ತಲೆಯೆತ್ತದೆ ಮೇಯುವ ಕುರಿಗಳು. ಬೆಟ್ಟ ಇಳಿದು ಮ್ಯಾಂಚೆಸ್ಟರನ್ನು ಸುತ್ತು ಹಾಕುವಾಗ ತಾಪಿಯೊ ಕಿಟಕಿಯಾಚೆ ಬೆರಳು ತೋರಿಸಿದ.

"ಅಲ್ಲಿ, ಆ ಚಿಮಣಿಯ ಹಿಂದೆ, ನನ್ನ ಮೊದಲ ಕ್ಲಬ್ಬು. ಇಪ್ಪತ್ತೊಂದನೇ ವಯಸ್ಸಿಗೆ ಬಂದೆ. ಎರಡು ವರ್ಷದಲ್ಲಿ ಆಡಿದ್ದು ಏಳು ಆಟ. ಮಿಕ್ಕಿದ್ದೆಲ್ಲ ಬೆಂಚಿನ ಮೇಲೆ ಕೂತು ನೋಡಿದ್ದು."

ಗೋಲ್‌ಕೀಪರನಾಗಿ ಅವನ ವೃತ್ತಿಯೆಲ್ಲ ಈ ರಸ್ತೆಯ ಉದ್ದಕ್ಕೂ ಹರಡಿಕೊಂಡಿತ್ತು. ದಕ್ಷಿಣಕ್ಕೆ ತಿರುಗಿದ ಮೇಲೆ ಸ್ಟಾಫರ್ಡ್‌ಷೈರಿನ ಒಂದು ಊರಿನ ಫಲಕ ಬಂತು. ಅಲ್ಲಿ ನಾಲ್ಕು ವರ್ಷ ಒಂದೂ ಆಟ ತಪ್ಪಿಸಿರಲಿಲ್ಲವಂತೆ. ಆಮೇಲೆ ಯಾರ್ಕ್‌ಷೈರಿನ ಕ್ಲಬ್ಬು, ಕೆಸರಿನ ಮೈದಾನದಲ್ಲಿ ತಿರುಚಿದ ಮೊಣಕಾಲು, ಲೀಡ್ಸಿನಲ್ಲಿ ಎರಡು ಆಪರೇಷನ್. ಈಗ ಮೂವತ್ತೇಳು ವಯಸ್ಸು. ಕೋಚಿಂಗ್ ಪರೀಕ್ಷೆ ಪಾಸು ಮಾಡಿ ಎರಡು ಕಡೆ ಹೋಗಿ ಬಂದಿದ್ದ, ಎರಡೂ ಕಡೆ ಬೇಡವೆಂದಿದ್ದರು. ಇಲ್ಲೂ ಆಗದಿದ್ದರೆ ನವೆಂಬರಿನಲ್ಲಿ ಊರಿಗೆ ಹೋಗಿ ಅಣ್ಣನ ಮರದ ಕಾರ್ಖಾನೆ ಸೇರುವುದೆಂದು ತೀರ್ಮಾನವಾಗಿತ್ತು.

"ಯಾಕೆ ಬೇಡ ಅಂದ್ರು?" ಎಂದು ಕೇಳಿದೆ.

"ಅದೇ ತಿಳಿಯಲಿಲ್ಲ. ಲೀಡ್ಸಿನಲ್ಲಿ ನಾನೇ ಗೋಲಿನಲ್ಲಿ ನಿಂತು ತೋರಿಸಿದೆ. ಒಂದು ಗಂಟೆಯಲ್ಲಿ ಒಂದು ಚೆಂಡನ್ನೂ ಒಳಗೆ ಬಿಡಲಿಲ್ಲ."

ಭಾವ ಕನ್ನಡಿಯಲ್ಲಿ ನನ್ನ ಮುಖ ನೋಡಿದರು.

ಒಂಬತ್ತಕ್ಕೆ ಹೆದ್ದಾರಿ ಬದಿಯ ತಂಗುದಾಣದಲ್ಲಿ ನಿಲ್ಲಿಸಿದೆವು. ತುಂತುರು ಮಳೆ. ಕಾಗದದ ಲೋಟದ ಚಹಾ ಎರಡು ಪೌಂಡಿನ ಮೇಲೆ. ರೂಪಾಯಿಗೆ ತಿರುಗಿಸಿ ನೋಡಬಾರದೆಂದು ಅಕ್ಕ ಮೊದಲ ದಿನವೇ ನನ್ನಿಂದ ಆಣೆ ಮಾಡಿಸಿದ್ದಳು. ಡಿಕ್ಕಿ ತೆರೆದು ಅದರ ಅಂಚಿನಲ್ಲೇ ಚಿತ್ರಾನ್ನ ಬಡಿಸಿದಳು. ತಾಪಿಯೊ ಕಡಲೆಬೀಜವನ್ನೆಲ್ಲ ಆರಿಸಿ ಕೊನೆಗಿಟ್ಟುಕೊಂಡು ತಿಂದ. ಕೈ ಒರೆಸಿಕೊಂಡು ತನ್ನ ಚೀಲ ತೆರೆದ. ಒಮ್ಮೆ ಹುಡುಕಿದ, ಮತ್ತೊಮ್ಮೆ ಹುಡುಕಿದ.

"ಅಕ್ಕ, ನನ್ನ ಗ್ಲೌಸ್?"

ಹಿಂದಿನ ಸಂಜೆ ಅವನ ಮನೆಯನ್ನು ಬೆಚ್ಚಗಿಡುವ ಬಾಯ್ಲರ್ ಕೆಟ್ಟಿತ್ತು. ತೊಳೆದ ಕೈಗವಸನ್ನು ತಂದು, ನಿಮ್ಮ ಅಡುಗೆಮನೆಯ ಹೀಟರ್ ಹತ್ತಿರ ಒಣಗಲಿ ಎಂದು ಅಕ್ಕನ ಕೈಗೆ ಕೊಟ್ಟಿದ್ದ.

ಅಕ್ಕ ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. "ಪೂಜೆಗೆ ಇಟ್ಟಿದೀನಪ್ಪ" ಎಂದಳು.

ಬೆಳಿಗ್ಗೆ ನಾನೂ ನೋಡಿದ್ದೆ. ಮಣೆಯ ಮೇಲೆ ಭಾವನ ಸ್ಟೆತಾಸ್ಕೋಪು, ಅಕ್ಕನ ಹೊಲಿಗೆ ಕತ್ತರಿ, ನಾಲ್ಕು ಪುಸ್ತಕ. ಅವುಗಳ ನಡುವೆ ಅಂಗೈ ಮೇಲಾಗಿ ಮಲಗಿದ ಎರಡು ದಪ್ಪ ಕೈಗವಸು, ಮಣಿಕಟ್ಟಿನ ಪಟ್ಟಿಯ ಮೇಲೆ ಅರಿಶಿನ ಕುಂಕುಮ, ಒಂದೊಂದು ಸೇವಂತಿಗೆ. ಬೇರೆ ಜೊತೆ ಇರುತ್ತದೆ ಎಂದುಕೊಂಡು ಸುಮ್ಮನಿದ್ದೆ.

"ಏನೇ ಇದು, ಶಾರದ?" ಭಾವ ಕನ್ನಡದಲ್ಲಿ ಗುಡುಗಿದರು. "ಆಟಗಾರನ ಗ್ಲೌಸ್ ಇಟ್ಟು ಆಟಗಾರನ್ನ ಕರ್ಕೊಂಡು ಬಂದ್ಯಾ?"

"ಮೇಷ್ಟ್ರಾಗೋಕೆ ಹೋಗ್ತಿದಾನೆ ಅಂತ ನೀವೇ ಅಂದ್ರಲ್ರೀ. ಮೇಷ್ಟ್ರಿಗೆ ಯಾಕೆ ಗ್ಲೌಸು? ಇಷ್ಟು ವರ್ಷ ಅನ್ನ ಕೊಟ್ಟ ವಸ್ತು, ಒಂದು ದಿನ ಕೂತು ಪೂಜೆ ತಗೊಳ್ಳಲಿ ಅಂತ ಇಟ್ಟೆ. ಇಟ್ಟಿದ್ದನ್ನ ನಾಳೆ ವಿಜಯದಶಮಿವರೆಗೆ ಮುಟ್ಟೋ ಹಾಗಿಲ್ಲ."

"ಕಾರಿಗೂ ಪೂಜೆ ಮಾಡಿದೆ. ಅದು ನೂರು ಮೈಲಿ ಓಡಬಹುದು, ಗ್ಲೌಸ್ ಮಾತ್ರ ಅಲ್ಲಾಡಬಾರದೋ?"

"ಕಾರು ಬಾಗಿಲಲ್ಲಿ ನಿಂತಿತ್ತು. ಗ್ಲೌಸ್ ಸರಸ್ವತಿ ಮುಂದೆ ಕೂತಿದೆ."

ಇದನ್ನೆಲ್ಲ ತಾಪಿಯೊಗೆ ಇಂಗ್ಲಿಷಿನಲ್ಲಿ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಅವನು ಕೋಪಿಸಿಕೊಳ್ಳಲಿಲ್ಲ; ಕೋಪಿಸಿಕೊಂಡಿದ್ದರೆ ನಮಗೇ ಹಗುರವಾಗುತ್ತಿತ್ತು. ವಾಪಸು ಹೋಗಲು ಸಮಯವಿರಲಿಲ್ಲ. ಭಾನುವಾರ ಆಟದ ಸಾಮಾನಿನ ದೊಡ್ಡ ಅಂಗಡಿಗಳು ಬಾಗಿಲು ತೆರೆಯುವುದು ಹನ್ನೊಂದಕ್ಕೆ. ಮೈದಾನದಲ್ಲಿ ಯಾರದಾದರೂ ಕೇಳಿ ಹಾಕಿಕೋ ಎಂದರು ಭಾವ. "ಬೇರೆಯವರ ಹಲ್ಲುಸೆಟ್ಟು ಹಾಕ್ಕೊಂಡು ಊಟಕ್ಕೆ ಕೂರ್ತೀರಾ, ಡಾಕ್ಟ್ರೇ?" ಎಂದ ತಾಪಿಯೊ. ಆಮೇಲಿನ ನಲವತ್ತು ಮೈಲಿಯೂ ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದಳು.

ಮೈದಾನಕ್ಕೆ ಹತ್ತೂಕಾಲಿಗೆ ತಲುಪಿದೆವು. ಅವನನ್ನು ಇಳಿಸಿ ನಾವು ದೇವಸ್ಥಾನಕ್ಕೆ ಹೋಗುವುದೆಂದು ಮಾತಾಗಿತ್ತು. ಅಕ್ಕ ಒಪ್ಪಲಿಲ್ಲ. "ವೆಂಕಟರಮಣ ಎಲ್ಲೂ ಓಡಿಹೋಗಲ್ಲ" ಎಂದು ಕೊಡೆ ಬಿಚ್ಚಿ ತಂತಿಬೇಲಿಯ ಹೊರಗೆ ನಿಂತಳು. ಅವಳ ಅಕ್ಕಪಕ್ಕ ನಾವಿಬ್ಬರು.

ಮೈದಾನದಲ್ಲಿ ಕ್ಲಬ್ಬಿನ ಇಬ್ಬರು ಗೋಲ್‌ಕೀಪರುಗಳು, ಬರೆದುಕೊಳ್ಳುವ ಹಲಗೆ ಹಿಡಿದ ಒಬ್ಬ ಮುಖ್ಯಸ್ಥ, ಕೊರಳಲ್ಲಿ ಸೀಟಿಯಷ್ಟೇ ಇದ್ದ ತಾಪಿಯೊ. ಮೊದಲು ಅವನು ಗೋಲಿನ ನಟ್ಟನಡುವಿನಿಂದ ಮುಂದಕ್ಕೆ ಹಿಮ್ಮಡಿಯಲ್ಲಿ ಒಂದು ಗೆರೆ ಎಳೆದ. ಮುಂದೆ ಬಂದ ಕೀಪರನಿಗೆ ಬೆನ್ನ ಹಿಂದಿನ ಗೋಲು ಎಲ್ಲಿದೆಯೆಂದು ತಿಳಿಯಲು. ಆಮೇಲೆ ಕಂಬದ ಪಕ್ಕಕ್ಕೆ ಸರಿದು ನಿಂತ. ಒಬ್ಬ ಕೀಪರ್ ಗೋಲಿನಲ್ಲಿ ನಿಂತ, ಇನ್ನೊಬ್ಬ ಒದ್ದ ಚೆಂಡುಗಳು ಬರತೊಡಗಿದವು. ಕೀಪರುಗಳಲ್ಲಿ ಎತ್ತರದವನು ಎಡಕ್ಕೆ ಬಂದದ್ದನ್ನೆಲ್ಲ ಬಿಡುತ್ತಿದ್ದ. ಮೂರನೆಯದು ಬಿಟ್ಟಾಗ ತಾಪಿಯೊನ ಎರಡೂ ಕೈ ತಾವಾಗಿಯೇ ಮೇಲೆದ್ದವು. ಬರಿಗೈ ಕಂಡು ಕೆಳಗಿಳಿಸಿದ, ಬೆನ್ನ ಹಿಂದೆ ಒಂದರಿಂದ ಇನ್ನೊಂದನ್ನು ಹಿಡಿದುಕೊಂಡ. ಎತ್ತರದವನ ಬಳಿಗೆ ಹೋಗಿ ಅವನ ಪಾದದ ಪಕ್ಕ ತನ್ನ ಪಾದವಿಟ್ಟು ಏನೋ ಹೇಳಿದ. ನಮಗೆ ಕೇಳಿಸಲಿಲ್ಲ. ಇನ್ನೂ ಎರಡು ಒಳಗೆ ಹೋದವು. ಆಮೇಲಿನದನ್ನು ಎತ್ತರದವನು ಎಡಕ್ಕೆ ಹಾರಿ ಹಿಡಿದ.

"ಅಯ್ಯೋ, ಹಿಡಿದ್ನಲ್ರೀ!" ಎಂದು ಅಕ್ಕ ಕೂಗಿದ್ದಕ್ಕೆ ಮೈದಾನದವರೆಲ್ಲ ತಿರುಗಿ ನೋಡಿದರು. ಒಂದು ಗಂಟೆಯ ಪಾಠದಲ್ಲಿ ತಾಪಿಯೊ ಒಂದು ಚೆಂಡನ್ನೂ ಮುಟ್ಟಲಿಲ್ಲ.

ಮಂಗಳವಾರ ಫೋನ್ ಮಾಡುತ್ತೇವೆ ಎಂದಷ್ಟೇ ಹೇಳಿ ಕಳಿಸಿದರು. ಕಾರಿಗೆ ಬಂದವನನ್ನು ಅಕ್ಕ ನೇರ ನೋಡಲಾರದೆ ಚಿತ್ರಾನ್ನ ಬೇಕಾ ಎಂದು ಕೇಳಿದಳು. ಟಿವಿಡೇಲಿನಲ್ಲಿ ಅವನೂ ಬೂಟು ಬಿಚ್ಚಿಟ್ಟು ಸಾಲಿನಲ್ಲಿ ನಿಂತ, ಮೊಣಕಾಲಿನಿಂದಾಗಿ ಕೆಳಗೆ ಕೂರಲಾಗದೆ ಗೋಡೆಗೊರಗಿ ಪುಳಿಯೋಗರೆ ತಿಂದ. ವಾಪಸು ದಾರಿಯಲ್ಲಿ ಬೆಟ್ಟದ ಮನೆಯ ಕುರಿಗಳು ಮಲಗಿದ್ದವು. ಮನೆ ಮುಂದೆ ಇಳಿಯುವಾಗ ಅಕ್ಕನನ್ನು ಕೇಳಿದ: "ನಾಳೆ ಎಷ್ಟು ಗಂಟೆಗೆ ಗ್ಲೌಸಿಗೆ ಬಿಡುಗಡೆ?"

ವಿಜಯದಶಮಿಯ ಬೆಳಿಗ್ಗೆ ಅಕ್ಕ ಕೈಗವಸನ್ನು ತಟ್ಟೆಯಲ್ಲಿಟ್ಟು, ಜೊತೆಗೆ ಎರಡು ಬಾಳೆಹಣ್ಣಿಟ್ಟು, ತಾನೇ ಹೋಗಿ ಕೊಟ್ಟು ಬಂದಳು. ಮಂಗಳವಾರ ನಾಲ್ಕು ಗಂಟೆಗೆ ಬೇಲಿಯ ಆಚೆಯಿಂದ ತಾಪಿಯೊ ಕೂಗಿದ. ಕೆಲಸ ಸಿಕ್ಕಿತ್ತು. ತಿಂಗಳ ಕೊನೆಗೆ ಅವನು ಬರ್ಮಿಂಗ್‌ಹ್ಯಾಮಿಗೆ ಮನೆ ಬದಲಾಯಿಸಿದ, ನಾನು ದಾವಣಗೆರೆಗೆ ವಾಪಸಾದೆ.

ಮರುವರ್ಷದ ಮಹಾನವಮಿ ಶುಕ್ರವಾರ ಬಂತು. ಮರುದಿನ ಅಕ್ಕ ಫೋನಿನಲ್ಲಿ ಹೇಳಿದಳು: ನವಮಿಯ ಬೆಳಗಿನ ರೈಲಿಗೆ ತಾಪಿಯೊ ಬಂದಿದ್ದ. ಕೈಗವಸು ಎಲ್ಲಿ ಎಂದು ಕೇಳಿದರೆ, ಆ ಎತ್ತರದವನಿಗೆ ಕೊಟ್ಟುಬಿಟ್ಟೆ ಎಂದ. ಬೂಟು ಬಿಚ್ಚಿ ಒಳಗೆ ಬಂದು, ಕೊರಳಿನ ಸೀಟಿ ತೆಗೆದು, ಮಣೆಯ ಮೇಲೆ ಸ್ಟೆತಾಸ್ಕೋಪಿನ ಪಕ್ಕ ತಾನೇ ಇಟ್ಟ. ಶನಿವಾರ ಬೆಳಿಗ್ಗೆ ಅಕ್ಕ ಅದನ್ನು ತೆಗೆದುಕೊಡುವವರೆಗೆ ಕಾದಿದ್ದು, ಮಧ್ಯಾಹ್ನದ ಆಟಕ್ಕೆ ವಾಪಸು ಹೋದ.