ಚಳಿಗೆ ಬಿಗಿದ ಸ್ಟೇರಿಂಗು, ಬೆಳಕವಾಡಿಯ ದಾರಿ

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಪುಷ್ಯ ಮಾಸದ ಒಂದು ಬೆಳಗ್ಗೆ, ಇನ್ನೂ ಸೂರ್ಯ ಕಾಣಿಸದ ಹೊತ್ತಿನಲ್ಲಿ, ನಾನು ಮಂಡ್ಯದಿಂದ ಬೆಳಕವಾಡಿಗೆ ಹೊರಟೆ. ಅಲ್ಲಿ ನನ್ನ ತಂಗಿ ಸಾವಿತ್ರಿಗೆ ಹೆರಿಗೆ ನೋವು ಶುರುವಾಗಿತ್ತು. ಮಗುವಿನ ಕಾಲು ಕೆಳಗಾಗಿದೆ, ಊರಿನ ಸೂಲಗಿತ್ತಿಗೆ ಧೈರ್ಯ ಸಾಲುತ್ತಿಲ್ಲ ಎಂದು ಭಾವ ಹಿಂದಿನ ಸಂಜೆಯ ಬಸ್ಸಿನಲ್ಲಿ ಚೀಟಿ ಕಳಿಸಿದ್ದರು. ಹೆರಿಗೆ ಮಾಡಿಸುವುದರಲ್ಲಿ ನುರಿತ ನರ್ಸು ಜಾನಕಮ್ಮನವರನ್ನು ಜೊತೆಗೆ ಕರೆದುಕೊಂಡಿದ್ದೆ.

ಪೆಟ್ರೋಲು ಸಿಗದ ದಿನಗಳವು. ನಾವು ಹತ್ತಿದ ಬಸ್ಸು ಇದ್ದಿಲಿನ ಗ್ಯಾಸಿನಿಂದ ಓಡುವಂಥದ್ದು. ಹಿಂಭಾಗದಲ್ಲಿ ಹಂಡೆಗಿಂತ ದೊಡ್ಡದೊಂದು ಒಲೆ. ಬೆಳಕವಾಡಿಗೆ ತಲೆಗೆ ಹನ್ನೆರಡಾಣೆ ಚಾರ್ಜು. ನಾಲೆಯ ನೀರು ನಿಂತ ಗದ್ದೆಗಳಿಂದ ಮಂಜೆದ್ದು ರಸ್ತೆಯನ್ನೇ ನುಂಗಿತ್ತು. ಡ್ರೈವರು ನಿಂಗೇಗೌಡ ಹೊಳಲಿನವನು, ಗಟ್ಟಿ ಆಳು. ಆದರೂ ಸ್ಟೇರಿಂಗು ತಿರುಗಿಸಲು ಎರಡೂ ತೋಳು ಹಾಕಿ ಹೆಣಗುತ್ತಿದ್ದ.

"ಯಾಕಪ್ಪಾ?" ಎಂದೆ.

"ಚಳಿ ಮೇಷ್ಟ್ರೇ. ಬಿಗೀಕಂಡದೆ. ನಾನ್ ಒಂದ್ ಕಡೆ ತಿರುಗ್ಸುದ್ರೆ ಅದೊಂದ್ ಕಡೆ ಓಯ್ತದೆ."

ಗೆಜ್ಜಲಗೆರೆ ದಾಟಿದ ಮೇಲೆ ಒಂದು ತಿರುವಿನಲ್ಲಿ ಬಸ್ಸು ತಿರುಗಲೇ ಇಲ್ಲ. ನಿಂಗೇಗೌಡ ಸೀಟು ಬಿಟ್ಟೆದ್ದು, ಇಡೀ ಮೈಭಾರ ಬಿಟ್ಟು ಜಗ್ಗಿದ. ಮುಂದಿನ ಚಕ್ರ ಕಾಲುವೆಯ ಅಂಚು ಸವರಿಕೊಂಡು ನಿಂತಿತು. ಮಂಡ್ಯದಿಂದ ಮದ್ದೂರಿಗೆ ಹನ್ನೆರಡೇ ಮೈಲಿ. ಮುಟ್ಟಲು ಎರಡು ಗಂಟೆ ಹಿಡಿಯಿತು.

ಮದ್ದೂರಿನಲ್ಲಿ ಅವನು ಇಳಿದುಬಿಟ್ಟ. "ಮುಂದೆ ಕೆರೆ ಏರಿ ಸಿಕ್ತದೆ. ಇದನ್ ನಂಬ್ಕಂಡು ಓಗಕಿಲ್ಲ. ಇಪ್ಪತ್ತು ಜೀವ ಅವೆ ಒಳಗೆ."

"ಇಪ್ಪತ್ತೆರಡು ಅಂದ್ಕೋಪ್ಪ," ಎಂದರು ಜಾನಕಮ್ಮ. "ಇನ್ನೆರಡು ಬೆಳಕವಾಡೀಲಿ ಕಾಯ್ತಿವೆ."

ನಿಂಗೇಗೌಡ ಹೋಗಿ ಪಕ್ಕದ ಶೆಡ್ಡಿನಿಂದ ಮೆಕ್ಯಾನಿಕ್ಕು ರಹೀಮ್ ಸಾಬರನ್ನು ಕರೆತಂದ. ನರೆತ ಗಡ್ಡದ ಸಣಕಲು ಮನುಷ್ಯ. ತಣ್ಣನೆಯ ನೆಲದ ಮೇಲೆ ಮಲಗಿ ಬಸ್ಸಿನಡಿಗೆ ಸರಿದು, ಸ್ಟೇರಿಂಗಿನ ಹಲ್ಲುಗಳಿರುವ ಕಬ್ಬಿಣದ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು.

"ಒಳಗೆ ಏನ್ ತುಂಬಿದ್ದೀಯ ಗೌಡ?"

"ಸರಿಯಾದ್ ಎಣ್ಣೆ ಎಲ್ ಸಿಗ್ತದೆ ಸಾಬ್ರೇ? ಎತ್ತಿನ್ ಗಾಡಿ ಕೀಲೆಣ್ಣೆ ಮೆತ್ತಿವ್ನಿ."

"ಅದೇ ಚಳಿಗೆ ಗಟ್ಟಿಯಾಗಿ ಅರಗಿನಂಗೆ ಕುಂತದೆ. ಬದಲಿ ಎಣ್ಣೆ ನನ್ ತಾವೂ ಇಲ್ಲ. ಬಿಸ್ಲು ಏರ್ಲಿ, ತಾನೇ ಕರಗ್ತದೆ."

"ಅಷ್ಟು ಹೊತ್ತು ಹೆರಿಗೆ ನೋವಲ್ಲಿ ನನ್ನ ತಂಗಿ..." ಎಂದೆ. ಸಾಬರು ನನ್ನನ್ನೂ ಜಾನಕಮ್ಮನವರ ಕೈಲಿದ್ದ ಚೀಲವನ್ನೂ ನೋಡಿದರು. ಏನೂ ಕೇಳದೆ ಎದ್ದು ಹೋಗಿ ನಾಲ್ಕು ಇಟ್ಟಿಗೆ ತಂದು, ಬಸ್ಸಿನ ಹಿಂದಿದ್ದ ಇದ್ದಿಲೊಲೆಗೆ ಒತ್ತಿ ಕಾಯಿಸಿದರು. ಕಾದ ಇಟ್ಟಿಗೆಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಪೆಟ್ಟಿಗೆಗೆ ಅವುಚಿ ಹಿಡಿದರು. ಹಬೆ ಎದ್ದಿತು. ಅರ್ಧ ಗಂಟೆಯ ಮೇಲೆ, "ತಿರುಗ್ಸು," ಎಂದರು. ಸ್ಟೇರಿಂಗು ತಿರುಗಿತು. ಇಷ್ಟು ದೊಡ್ಡ ಬಸ್ಸನ್ನು ಹಿಡಿ ಗಾತ್ರದ ಜಿಡ್ಡು ಕಟ್ಟಿಹಾಕಿತ್ತಲ್ಲ ಎಂದು ನಾನು ಬೆರಗಾಗಿ ನಿಂತೆ.

"ಓಡುವಾಗ ಗಾಳಿಗೆ ಮತ್ತೆ ಬಿಗೀತದೆ. ನಾನೂ ಬತ್ತೀನಿ," ಎಂದು ಸಾಬರು ಡ್ರೈವರಿನ ಕಾಲ ಬಳಿಯ ಹಲಗೆ ಕಿತ್ತು, ಅಲ್ಲೇ ಕುಕ್ಕರಗಾಲಲ್ಲಿ ಕೂತು, ಇಟ್ಟಿಗೆ ಒತ್ತಿ ಹಿಡಿದರು. ಎರಡು ಮೂರು ಮೈಲಿಗೊಮ್ಮೆ ಬಸ್ಸು ನಿಲ್ಲಿಸಿ, ತಣ್ಣಗಾದದ್ದನ್ನು ತೆಗೆದು ಕಾದದ್ದನ್ನು ತರುತ್ತಿದ್ದರು.

ಕೆರೆ ಏರಿಯ ಮೇಲೆ ಮಂಜಿನೊಳಗಿಂದ ಕಬ್ಬಿನ ಗಾಡಿಯೊಂದು ಎದುರಾಯಿತು. ನಿಂಗೇಗೌಡ ನೀರಿನ ಕಡೆಗೆ ಒತ್ತರಿಸಿದ. ಗಾಡಿ ದಾಟಿತು, ಆದರೆ ಸ್ಟೇರಿಂಗು ವಾಪಸ್ ಬರಲಿಲ್ಲ. ಬಸ್ಸು ಓರೆಯಾಗಿ ನಿಂತಿತು. ಅಂಚಿನ ಕಲ್ಲುಗಳು ಉರುಳಿ ನೀರಿಗೆ ಬಿದ್ದ ಸದ್ದು ನನಗೆ ಕೇಳಿಸಿತು.

"ಯಾರೂ ಅಲ್ಲಾಡ್‌ಬ್ಯಾಡಿ," ಎಂದರು ಸಾಬರು. ಮೆಲ್ಲಗೆ ಇಳಿದು ಒಲೆಯ ಬಳಿಗೆ ಹೋದರು. ಗೋಣಿ ಸುಟ್ಟು ಚಿಂದಿಯಾಗಿತ್ತು. ಇಟ್ಟಿಗೆಯನ್ನು ಹೆಗಲ ಮೇಲಿನ ಟವೆಲ್ಲಿನಲ್ಲೇ ಹಿಡಿದು ತಂದು ಪೆಟ್ಟಿಗೆಗೆ ಒತ್ತಿದರು. ಟವೆಲ್ಲು ಸೀದ ವಾಸನೆ ಬಂತು. ಅವರ ಕೈ ಕದಲಲಿಲ್ಲ, ಮುಖವೂ ಮುದುಡಲಿಲ್ಲ. ನಿಂಗೇಗೌಡ ಉಸಿರು ಬಿಗಿಹಿಡಿದು ಸ್ಟೇರಿಂಗು ಎಳೆದ. ಅದು ಒಂದೊಂದೇ ಬೆರಳಿನಷ್ಟು ತಿರುಗುತ್ತಾ ಬಂತು, ಬಸ್ಸು ಮೆಲ್ಲಗೆ ರಸ್ತೆಯ ನಡುವಿಗೆ ಸೇರಿತು.

ಮಳವಳ್ಳಿಯಲ್ಲಿ ಬಿಸಿಲು ಬಿದ್ದಿತ್ತು. ಸ್ಟೇರಿಂಗು ಸಲೀಸಾಯಿತು. ಸಾಬರು ಅಲ್ಲೇ ಇಳಿದು, ಮದ್ದೂರಿಗೆ ಹೋಗುವ ಗಾಡಿಯೊಂದನ್ನು ಹತ್ತಿಬಿಟ್ಟರು. ಅವಸರದಲ್ಲಿ ನಾನು ಕೈ ಮುಗಿಯುವುದನ್ನೂ ಮರೆತೆ.

ಬೆಳಕವಾಡಿ ತಲುಪಿದಾಗ ಸಾವಿತ್ರಿ ಸೋತುಹೋಗಿದ್ದಳು. ಜಾನಕಮ್ಮ ಕೈ ತೊಳೆದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಭಾವನೂ ನಾನೂ ಜಗುಲಿಯ ಮೇಲೆ ಕೂತೆವು. ನೆತ್ತಿಯ ಸೂರ್ಯ ಪಡುವಣಕ್ಕೆ ವಾಲುವ ಹೊತ್ತಿಗೆ ಮಗುವಿನ ಅಳು ಕೇಳಿತು.

"ಇನ್ನೊಂದು ಗಂಟೆ ತಡವಾಗಿದ್ರೆ ನನ್ನ ಕೈಲೂ ಆಗ್ತಿರಲಿಲ್ಲ," ಎಂದರು ಜಾನಕಮ್ಮ, ಬೆವರು ಒರೆಸಿಕೊಳ್ಳುತ್ತಾ.

ಮಾರನೆಯ ದಿನ ಹಿಂದಿರುಗುವಾಗ ಮದ್ದೂರಿನಲ್ಲಿ ಇಳಿದು ಶೆಡ್ಡಿಗೆ ಹೋದೆ. ಸಾಬರು ಒಂದು ಕಾರಿನ ಅಡಿಯಲ್ಲಿ ಮಲಗಿದ್ದರು. ಬಟ್ಟೆ ಸುತ್ತಿದ ಎರಡು ಕೈಗಳಷ್ಟೇ ಕಾಣುತ್ತಿದ್ದವು. ನಾನು ಯಾರೆಂದು ಹೇಳಿದೆ.

"ತಾಯಿ?" ಎಂದರು, ಅಡಿಯಿಂದಲೇ.

"ಚೆನ್ನಾಗಿದ್ದಾಳೆ. ಮಗೂನೂ. ಹೆಣ್ಣು."

ಕೈಗಳು ಕೆಲಸ ನಿಲ್ಲಿಸಿದವು. ಅಂಗೈ ಎರಡೂ ಪ್ರಾರ್ಥನೆಗೆಂಬಂತೆ ಮೇಲ್ಮುಖವಾಗಿ ಸ್ವಲ್ಪ ಹೊತ್ತು ಹಾಗೆಯೇ ಇದ್ದವು.

"ಆ ಸ್ಪ್ಯಾನರ್ ಇತ್ಲಾಗ್ ಕೊಡಿ ಮೇಷ್ಟ್ರೇ," ಎಂದರು ಆಮೇಲೆ.